ಡಿಸ್ಟಿಲರಿ ಬಾಗಿಲಲ್ಲೇ ಕೊಂಡರೆ ಅಗ್ಗ ಅಲ್ವಾ?

ಪ್ರಶ್ನೆ: ನಾವಿರೋದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಊರಿಂದ ಬರೋ ನೆಂಟರನ್ನು ಹತ್ತಿರದ ಕ್ರಾಫ್ಟ್ ಡಿಸ್ಟಿಲರಿಗೆ (ಸಣ್ಣ ಪ್ರಮಾಣದಲ್ಲಿ ವಿಸ್ಕಿ ಗಿಸ್ಕಿ ಮಾಡೋ ಜಾಗ) ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅಲ್ಲೇ ನೇರವಾಗಿ ನಾಲ್ಕೈದು ಬಾಟ್ಲಿ ತಗೊಂಡರೆ ಅಂಗಡಿಗಿಂತ ಅಗ್ಗ ಆಗುತ್ತಲ್ವಾ?

ಉತ್ತರ: ಆಗಲ್ಲ.

ಪ್ರತಿ ಬೇಸಿಗೆಗೂ ಇದೇ ಪ್ರಶ್ನೆ. ಅಪ್ಪ ಅಮ್ಮಂದಿರ ವಿಮಾನ ಇಳಿಯುತ್ತಿದ್ದ ಹಾಗೇ ನನಗೆ ಮೆಸೇಜ್ ಬರುತ್ತದೆ. ಈ ಸಲ ಒಂದೇ ಬಾರಿಗೆ ಹೇಳಿ ಮುಗಿಸುತ್ತೇನೆ.

ತೋಟಕ್ಕೇ ಹೋದರೆ ಮಾವಿನಹಣ್ಣು ಅಗ್ಗ. ಚನ್ನಪಟ್ಟಣದಲ್ಲಿ ಮಾಡುವವರ ಮನೆಗೇ ಹೋದರೆ ಬೊಂಬೆ ಅಗ್ಗ. ಅದೇ ಲೆಕ್ಕ ವಿಸ್ಕಿಗೂ ಹಾಕುತ್ತೀರಿ. ತಪ್ಪಾಗುವುದು ಅಲ್ಲೇ. ನಾರ್ತ್ ಕ್ಯಾರೊಲಿನಾದಲ್ಲಿ ವಿಸ್ಕಿ, ರಮ್ಮಿನಂಥ ಸ್ಪಿರಿಟ್ ಬಾಟ್ಲಿಗಳ ಬೆಲೆ ಗೊತ್ತು ಮಾಡುವುದು ರಾಜ್ಯದ ಎಬಿಸಿ ಕಮಿಷನ್, ಅಂದರೆ ಮದ್ಯ ನಿಯಂತ್ರಣ ಆಯೋಗ. ನಿಮ್ಮೂರಿನ ಎಬಿಸಿ ಅಂಗಡಿಯಲ್ಲಿ, ಅಂದರೆ ಸರ್ಕಾರಿ ಮದ್ಯದಂಗಡಿಯಲ್ಲಿ, ಎಷ್ಟಿದೆಯೋ ಡಿಸ್ಟಿಲರಿಯವರೂ ಅಷ್ಟಕ್ಕೇ ಮಾರಬೇಕು ಅಂತ ಕಾನೂನಿನಲ್ಲೇ ಬರೆದಿದೆ. ವಿಸ್ಕಿ ಕಾಯಿಸಿದವನಿಗೆ ಒಂದು ಡಾಲರ್ ಬಿಡುವ ಅಧಿಕಾರವೂ ಇಲ್ಲ. ಶೇ. 30ರ ರಾಜ್ಯ ತೆರಿಗೆಯೂ ಆ ಬೆಲೆಯೊಳಗೇ ಕೂತಿರುತ್ತದೆ.

"ತೆರಿಗೆ ಬೀಳೋದು ಅಂಗಡಿಗೆ ಹೋದ ಮೇಲಲ್ವಾ?" ಅಂತ ಇನ್ನೊಬ್ಬರು ಕೇಳಿದ್ದರು. ಅಲ್ಲ ಸ್ವಾಮಿ. ಕೇಂದ್ರದ ಎಕ್ಸೈಸ್ ಸುಂಕ, ಮಾಲು ಬಾಂಡೆಡ್ ಗೋದಾಮಿನ (ಸುಂಕ ಕಟ್ಟದ ಮಾಲು ಇಡುವ ಜಾಗ) ಬಾಗಿಲು ದಾಟಿದ ಕೂಡಲೇ ಬೀಳುತ್ತದೆ. ಅದು ಪಕ್ಕದ ಕೋಣೆಯ ಗಿಫ್ಟ್ ಶಾಪಿಗೆ ಬಂದರೂ ಅಷ್ಟೇ. ಚಿಕ್ಕ ಡಿಸ್ಟಿಲರಿಗಳಿಗೆ ಈ ಸುಂಕ 2018ರಿಂದ ಇಳಿದಿದೆ, ನಿಜ. ಅರ್ಧದಷ್ಟು ಆಲ್ಕೋಹಾಲ್ ಇರುವ ಒಂದು ಗ್ಯಾಲನ್ ಮದ್ಯಕ್ಕೆ, ಅಂದರೆ ಒಂದು ಪ್ರೂಫ್ ಗ್ಯಾಲನ್‌ಗೆ 13.50 ಡಾಲರ್ ಇದ್ದದ್ದು 2.70 ಆಯಿತು. ಅದು ಅವರ ಉಳಿತಾಯ, ನಿಮ್ಮದಲ್ಲ.

ಪಕ್ಕದ ವರ್ಜೀನಿಯಾ ರಾಜ್ಯದಲ್ಲಂತೂ ಡಿಸ್ಟಿಲರಿಯ ಅಂಗಡಿ ಸರ್ಕಾರದ ಏಜೆಂಟ್ ಲೆಕ್ಕದಲ್ಲಿ ನಡೆಯುತ್ತದೆ. ಸರಿ, ಸರ್ಕಾರ ತಾನೇ ವ್ಯಾಪಾರ ಮಾಡದ ರಾಜ್ಯಗಳಲ್ಲಿ? ಅಲ್ಲಿ ಬೆಲೆ ಡಿಸ್ಟಿಲರಿಯವರಿಷ್ಟ. ಆದರೂ ಇಳಿಸಲ್ಲ. ಊರೆಲ್ಲ ತನ್ನ ಬಾಟ್ಲಿ ಮಾರುವ ಅಂಗಡಿಯವನಿಗಿಂತ ಐದು ಡಾಲರ್ ಕಡಿಮೆಗೆ ಬಾಗಿಲಲ್ಲಿ ಮಾರಿದರೆ ಅವನು ಸುಮ್ನೆ ಇರ್ತಾನಾ? ಬಾಟ್ಲಿಯನ್ನು ಕೆಳಗಿನ ಶೆಲ್ಫಿಗೆ ತಳ್ಳುತ್ತಾನೆ, ಇಲ್ಲಾ ತರಿಸುವುದನ್ನೇ ಬಿಡುತ್ತಾನೆ. ಮಧ್ಯವರ್ತಿಯ ಪಾಲು ಉಳಿಯುವುದೇನೋ ಹೌದು. ಉಳಿದದ್ದು ಮಾಡಿದವನ ಜೇಬಿಗೆ ಹೋಗುತ್ತದೆ. ಹೋಗಲಿ ಬಿಡಿ, ಪೀಪಾಯಿ ತುಂಬಿ ವರ್ಷಗಟ್ಟಲೆ ಕಾಯುವವನು ಅವನು.

ಇದೆಲ್ಲದರ ಬೇರು 1933ರಲ್ಲಿದೆ. ಪಾನನಿಷೇಧ ತೆಗೆದ 21ನೇ ತಿದ್ದುಪಡಿ ಮದ್ಯದ ಉಸಾಬರಿಯನ್ನು ರಾಜ್ಯಗಳ ಕೈಗೆ ಕೊಟ್ಟಿತು. ನಿಷೇಧಕ್ಕೆ ಮುಂಚೆ ಬಿಯರ್ ಕಂಪನಿಗಳೇ ಸಲೂನುಗಳನ್ನು ಹಿಡಿತದಲ್ಲಿಟ್ಟುಕೊಂಡು ಜನರಿಗೆ ಜಾಸ್ತಿ ಕುಡಿಸುತ್ತಿದ್ದವು ಅನ್ನುವ ಸಿಟ್ಟಿತ್ತು. ಹಾಗಾಗಿ ಮಾಡುವವನು ಬೇರೆ, ಸಗಟು ವ್ಯಾಪಾರಿ ಬೇರೆ, ಚಿಲ್ಲರೆ ಮಾರುವವನು ಬೇರೆ ಅಂತ ಗೋಡೆ ಕಟ್ಟಿದರು. ಡಿಸ್ಟಿಲರಿಯಲ್ಲಿ ನೇರ ಮಾರಾಟ ಅಂದರೆ ಆ ಗೋಡೆಯಲ್ಲಿ ಕೊರೆದ ಕಿಂಡಿ. ಒಂದೊಂದು ರಾಜ್ಯದಲ್ಲಿ ಒಂದೊಂದು ಅಳತೆ.

ನಮ್ಮ ನಾರ್ತ್ ಕ್ಯಾರೊಲಿನಾದ ಕಿಂಡಿ ಎಷ್ಟು ಸಣ್ಣದಿತ್ತು ಗೊತ್ತಾ? 2015ರಲ್ಲಿ ಮೊದಲು ತೆರೆದಾಗ ಒಬ್ಬರಿಗೆ ವರ್ಷಕ್ಕೆ ಒಂದೇ ಬಾಟ್ಲಿ. ಅದೂ ಟೂರ್ ಮಾಡಿದವರಿಗೆ ಮಾತ್ರ. ಮಾರಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ದಾಖಲಿಸಬೇಕಿತ್ತು. 2016ರಲ್ಲಿ ನಮ್ಮ ಭಾವ ಬಂದಿದ್ದರು. ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಪಳಗಿದ ಮನುಷ್ಯ. ಕೌಂಟರಿನ ಹುಡುಗಿಯನ್ನು "ಆರು ತಗೊಂಡ್ರೆ ಎಷ್ಟಕ್ಕೆ ಕೊಡ್ತೀಯಮ್ಮಾ?" ಅಂತ ಕೇಳು ಅಂದರು. ನಾನು ಕೇಳಿದೆ. ಅವಳು ನಕ್ಕು, ಭಾವನ ಪಾಸ್‌ಪೋರ್ಟ್ ನೋಡಿ, ಹೆಸರು ಟೈಪ್ ಮಾಡಿಕೊಂಡು, ಒಂದು ಬಾಟ್ಲಿ ಮುಂದಿಟ್ಟಳು. ಅದರ ಮೇಲೆ "ನಾರ್ತ್ ಕ್ಯಾರೊಲಿನಾ ಡಿಸ್ಟಿಲರಿ ಟೂರ್ ಕಮೆಮೊರೇಟಿವ್ ಸ್ಪಿರಿಟ್" ಅನ್ನುವ ಸ್ಟಿಕ್ಕರ್. ಅದೂ ಕಾನೂನಿನದೇ ಅಪ್ಪಣೆ. 2017ರಲ್ಲಿ ವರ್ಷಕ್ಕೆ ಐದಾಯಿತು. 2019ರಲ್ಲಿ ಮಿತಿಯೇ ಹೋಯಿತು. ನಿಮಗೆ ನಾಲ್ಕೈದು ಸಿಗುತ್ತವೆ, ಆದರೆ ಅದೇ ಬೆಲೆಗೆ.

ರುಚಿ ನೋಡುವುದಕ್ಕೂ ಅಳತೆಯಿದೆ. ಕ್ಯಾಲಿಫೋರ್ನಿಯಾ 2016ರಲ್ಲಿ ಬಾಗಿಲು ತೆರೆದಾಗ ಕಾಲು ಔನ್ಸಿನ ಹಾಗೆ ದಿನಕ್ಕೆ ಆರು ಸಲ. ಕಾಲು ಔನ್ಸ್ ಅಂದರೆ ಏಳು ಮಿಲಿ ಚಿಲ್ಲರೆ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಹತ್ತರ ಗೆರೆಯನ್ನೂ ಮುಟ್ಟಲ್ಲ. ತಮಾಷೆ ಏನಂದರೆ, ಬಾಟ್ಲಿ ಬೇಕಾದರೆ ಆಗ ಟೇಸ್ಟಿಂಗಿಗೆ ಕೂರಲೇಬೇಕಿತ್ತು. ಟೆನೆಸಿಯ ಲಿಂಚ್‌ಬರ್ಗ್ ಇನ್ನೂ ವಿಚಿತ್ರ. ಜ್ಯಾಕ್ ಡೇನಿಯಲ್ಸ್ ತಯಾರಾಗುವ ಆ ಕೌಂಟಿಯೇ ಡ್ರೈ, ಅಂದರೆ ಮದ್ಯ ಮಾರುವಂತಿಲ್ಲ. ಆದರೂ ಡಿಸ್ಟಿಲರಿಯೊಳಗೆ ನೆನಪಿನ ಕಾಣಿಕೆ ಅನ್ನೋ ನೆಪದಲ್ಲಿ ಬಾಟ್ಲಿ ಸಿಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದನ್ನೆಲ್ಲ ಕೇಳಿ "ನಮ್ಮಲ್ಲಿ ಇಷ್ಟು ರಗಳೆ ಇಲ್ಲಪ್ಪ" ಅನ್ನುವವರಿದ್ದಾರೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿ ಇದೆ. ಆ ವಿಸ್ಕಿ ಕರ್ನಾಟಕದ ಅಂಗಡಿಗೆ ಬರಬೇಕಾದರೆ ಸರ್ಕಾರದ ಪಾನೀಯ ನಿಗಮದ ಡಿಪೊ ಹೊಕ್ಕೇ ಬರಬೇಕು. 2003ರಿಂದ ಹೀಗೇ. ಬೆಂಗಳೂರಿನ ಮೈಕ್ರೋಬ್ರೂವರಿಯವರು ಬಿಯರನ್ನು ಮಾಡಿದ ಜಾಗದಲ್ಲೇ ಬಡಿಸಬಹುದು, ಅದು ಬೇರೆ ಲೈಸೆನ್ಸು.

ಇನ್ನು ಸೂಟ್‌ಕೇಸು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್. 750 ಮಿಲಿಯ ಬಾಟ್ಲಿಯಾದರೆ ಎರಡು. ಮೂರನೆಯದು ಇಟ್ಟರೆ ಕಾಲು ಲೀಟರ್ ಹೆಚ್ಚಾಗುತ್ತದೆ. ಸೀಲ್ ಒಡೆಯಬೇಡಿ, ಚೆಕ್‌ಇನ್ ಬ್ಯಾಗಿನಲ್ಲೇ ಹಾಕಿ. ಭಾವ ಪಂಚೆಯಲ್ಲಿ ಸುತ್ತಿಕೊಂಡು ಹೋಗಿದ್ದರು. ಬಾಟ್ಲಿ ಖಾಲಿಯಾಗಿ ವರ್ಷಗಳಾದವು. ಈಗ ಅದರಲ್ಲಿ ಅಕ್ಕ ಮನಿಪ್ಲಾಂಟ್ ಹಾಕಿದ್ದಾಳೆ, ಸ್ಟಿಕ್ಕರ್ ಹಾಗೇ ಇದೆ.