ಓಮ್ ಒಂದನ್ನೇ ನೋಡಿ ಹೆಡ್‌ಫೋನ್ ಕೊಳ್ಳಬೇಡಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೆಡ್‌ಫೋನ್ ಕೇಳಿದರೆ ಮೊದಲು ಬರುವ ಮಾತು ಓಮ್‌ನದೇ, ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ (ಇಂಪೀಡೆನ್ಸ್) ಅಂಕಿಯದೇ: ‘32 ಆದ್ರೆ ಮೊಬೈಲಲ್ಲೇ ನಡೆಯುತ್ತೆ ಸಾರ್, 80 ಆದ್ರೆ ಆಂಪ್ ಬೇಕೇ ಬೇಕು.’ ಇದು ಅರ್ಧ ಸತ್ಯ. ಡಬ್ಬಿಯ ಮೇಲೆ ಅದರ ಪಕ್ಕದಲ್ಲೇ ಸೆನ್ಸಿಟಿವಿಟಿ ಎಂಬ ಇನ್ನೊಂದು ಅಂಕಿ ಇರುತ್ತದೆ. 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. ಎರಡನ್ನೂ ಸೇರಿಸಿ ನೋಡಿದರೇನೇ ಆಂಪ್, ಅಂದರೆ ಸಿಗ್ನಲ್ಲಿಗೆ ಬಲ ಕೊಡುವ ಆಂಪ್ಲಿಫೈಯರ್, ಬೇಕೋ ಬೇಡವೋ ಗೊತ್ತಾಗುವುದು.

ಆಡಿಯೋ-ಟೆಕ್ನಿಕಾದ ಎಂ20ಎಕ್ಸ್ 47 ಓಮ್, 96 ಡೆಸಿಬೆಲ್. ಎಕೆಜಿ ಕೆ240 ಸ್ಟುಡಿಯೋ 55 ಓಮ್, 91 ಡೆಸಿಬೆಲ್. ಸಂಗೀತದ ಅತಿ ಜೋರಿನ ಕ್ಷಣಗಳಿಗೆ 110 ಡೆಸಿಬೆಲ್ ಸಾಕು ಎಂದಿಟ್ಟುಕೊಳ್ಳಿ. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು ಶಕ್ತಿ ಬೇಕಾದ್ದರಿಂದ ಮೊದಲನೆಯದಕ್ಕೆ 25 ಮಿಲಿವ್ಯಾಟ್, ಎರಡನೆಯದಕ್ಕೆ ಸುಮಾರು 80. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟ್: ಕ್ರಮವಾಗಿ 1.1 ಮತ್ತು 2.1. ಫೋನಿಗೆ ಸಿಕ್ಕಿಸುವ ಸಾಧಾರಣ ಹೆಡ್‌ಫೋನ್ ಅಡಾಪ್ಟರ್ (ಡಾಂಗಲ್) ಕೊಡುವುದು 1 ವೋಲ್ಟ್ ಆಸುಪಾಸು. ಎಂ20ಎಕ್ಸ್‌ಗೆ ಅದೇ ಸಾಕು, ಆಂಪಿನ ದುಡ್ಡು ಉಳಿಯಿತು. ಕೆ240ಕ್ಕೆ ಸಾಲದು. ಇದೇ ಲೆಕ್ಕದಲ್ಲಿ 80 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ, ಸೆನ್ಸಿಟಿವಿಟಿ ಹೆಚ್ಚಿರುವುದರಿಂದ, ಕೇಳುವುದು 1.4 ವೋಲ್ಟ್ ಮಾತ್ರ, 55 ಓಮ್‌ನ ಕೆ240ಗಿಂತ ಕಡಿಮೆ!

ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟಿಗಲ್ಲ, 1 ವೋಲ್ಟಿಗೆ ಬರೆಯುತ್ತವೆ. ಅದೇ ಕೆ240 ಆಗ 104 ಡೆಸಿಬೆಲ್ ಎಂದು ಕಾಣುತ್ತದೆ. ಹೋಲಿಸುವ ಮುಂಚೆ ಯಾವ ಲೆಕ್ಕವೆಂದು ನೋಡಿಕೊಳ್ಳಿ.

ಪ್ಲೇನಾರ್ (ಸುರುಳಿ-ಕೋನಿನ ಬದಲು ತಂತಿ ಹರಡಿದ ಚಪ್ಪಟೆ ಹಾಳೆ ಅಲುಗಿ ಸದ್ದು ಮಾಡುವ) ಹೆಡ್‌ಫೋನುಗಳದ್ದು ಬೇರೆಯದೇ ಹಸಿವು. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಬರೀ 25 ಓಮ್, ಆದರೆ 91 ಡೆಸಿಬೆಲ್. ವೋಲ್ಟ್ 1.4 ಸಾಕು, ಕರೆಂಟ್ ಮಾತ್ರ 57 ಮಿಲಿಆಂಪ್ ಬೇಕು. ಸಣ್ಣ ಡಾಂಗಲ್ ಇಲ್ಲಿ ಸುಸ್ತಾಗುತ್ತದೆ.

ಇನ್ನು ಆಂಪಿನ ಕಡೆ. ಮನೆಯಲ್ಲಿರುವ ಹಳೆಯ ಸ್ಟೀರಿಯೋಗೆ ಹೆಡ್‌ಫೋನ್ ಸಿಕ್ಕಿಸಿದಾಗ ಬೇಸ್ ಗುಂಯ್ ಎನ್ನುವುದು ಸಾಮಾನ್ಯ. ಅಂಥವುಗಳಲ್ಲಿ ಸ್ಪೀಕರ್ ಲೈನಿನಿಂದಲೇ ನೂರಾರು ಓಮ್‌ನ ರೆಸಿಸ್ಟರ್ ಮೂಲಕ ಜ್ಯಾಕಿಗೆ ತಂತಿ ಎಳೆದಿರುತ್ತಾರೆ. ಮಾಮೂಲಿ ಡೈನಾಮಿಕ್ ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಅಲ್ಲ, ಬೇಸ್ ಭಾಗದಲ್ಲಿ ಏರುತ್ತದೆ. 32 ಓಮ್‌ನದು ಅಲ್ಲಿ 64ಕ್ಕೆ ಏರಿತು ಅನ್ನಿ. ಆಂಪಿನ ಕಡೆಯ ತಡೆ, ಅಂದರೆ ಔಟ್‌ಪುಟ್ ಇಂಪೀಡೆನ್ಸ್, 120 ಓಮ್ ಇದ್ದರೆ ಆ ಜಾಗದಲ್ಲಿ ಸದ್ದು 4.4 ಡೆಸಿಬೆಲ್ ಉಬ್ಬುತ್ತದೆ, 1 ಓಮ್ ಇದ್ದರೆ ಉಬ್ಬು ಕಿವಿಗೆ ಸಿಗುವುದೇ ಇಲ್ಲ. ಮೃದಂಗದ ಎಡಭಾಗ ಊದಿಕೊಂಡು ತಂಬೂರಿ ಮಸುಕಾದರೆ ಹೆಡ್‌ಫೋನನ್ನು ಬೈಯುವ ಮುಂಚೆ ಇದನ್ನು ಗುಮಾನಿಸಿ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಪ್ಲೇನಾರಿನ ಇಂಪೀಡೆನ್ಸ್ ಹೆಚ್ಚುಕಡಿಮೆ ಸಪಾಟಾದ್ದರಿಂದ ಅದಕ್ಕೆ ಈ ಕಾಟವಿಲ್ಲ.

ಇನ್ನೊಂದು ವಿಚಿತ್ರ ದೂರು: ವಾದ್ಯಗಳೆಲ್ಲ ಕೇಳಿಸುತ್ತವೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ. ಮೈಕ್ ಇರುವ ಹೆಡ್‌ಸೆಟ್ಟಿನ ಪ್ಲಗ್ಗಿನಲ್ಲಿ ನಾಲ್ಕು ಪಟ್ಟಿ, ಆಂಪಿನ ಜ್ಯಾಕಿನಲ್ಲಿ ಮೂರೇ ಸಂಪರ್ಕ. ಗ್ರೌಂಡ್ (ಎಡ-ಬಲ ಎರಡಕ್ಕೂ ಸೇರಿದ ವಾಪಸ್ ದಾರಿ) ಸರಿಯಾಗಿ ತಾಗದಿದ್ದರೆ ಎಡ-ಬಲಗಳ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಗಾಯನ ಎರಡರಲ್ಲೂ ಸಮನಾಗಿ ಇರುವುದರಿಂದ ಅದೇ ಅಳಿಸಿಹೋಗುತ್ತದೆ. ಪ್ಲಗ್ ಪೂರ್ತಿ ಒತ್ತಿ, ಆಗದಿದ್ದರೆ ಮೂರು ಪಟ್ಟಿಯ ಕೇಬಲ್ ಹಾಕಿ. ಆದರೆ ಬ್ಯಾಲೆನ್ಸ್ಡ್ (ಎಡ-ಬಲಕ್ಕೆ ಬೇರೆಬೇರೆ ನೆಗೆಟಿವ್ ಇರುವ) ಔಟ್‌ಪುಟ್ಟಿಗೆ ಅಡಾಪ್ಟರ್ ಹಾಕಿ ಮಾಮೂಲಿ ಹೆಡ್‌ಫೋನ್ ಸಿಕ್ಕಿಸಬೇಡಿ. ಎರಡೂ ಚಾನೆಲ್ಲುಗಳ ನೆಗೆಟಿವ್ ಒಂದಾಗಿ ಆಂಪ್ ಸುಟ್ಟುಹೋಗಬಹುದು.

ಬಿಎಂಟಿಸಿ ಬಸ್ಸಿನಲ್ಲಿ ಕೇಳುವವರಿಗೆ ಹಿಂಬದಿ ತೆರೆದಿರುವ ಓಪನ್-ಬ್ಯಾಕ್ ಹೆಡ್‌ಫೋನ್ ಬೇಡ, ಹೊರಗಿನ ಗದ್ದಲವೆಲ್ಲ ಒಳಕ್ಕೆ. ಅಂಗಡಿಗೆ ಮಲ್ಟಿಮೀಟರ್ ಒಯ್ದರೆ ನಾಚಿಕೆಯೇನಿಲ್ಲ. ಪ್ಲಗ್ಗಿನ ತುದಿಯಿಂದ ಬುಡಕ್ಕೆ, ನಡುವಿನ ಪಟ್ಟಿಯಿಂದ ಬುಡಕ್ಕೆ ಅಳೆಯಿರಿ. ಎರಡೂ ಡಬ್ಬಿಯ ಮೇಲಿನ ಓಮ್‌ಗೆ ಹತ್ತಿರವಿದ್ದು ಒಂದಕ್ಕೊಂದು ಸರಿಹೊಂದಬೇಕು. ಕೇಬಲ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಒಳಗೆ ತಂತಿ ಮುರಿದಿದೆ, ವಾಪಸ್ ಕೊಡಿ.