ಮೇಲ್ ಮನೆಯಲ್ಲಿರಲಿ, ರವಾನೆ ಬೇರೆಯವರಿಗಿರಲಿ

ಮನೆಯಲ್ಲೇ ಮೇಲ್ ಸರ್ವರ್ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿಕೊಂಡು ಬರುವವರಿದ್ದಾರೆ. ವರ್ಷಗಟ್ಟಲೆಯ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ಮಕ್ಕಳ ಫೋಟೊ ಎಲ್ಲವೂ ಒಂದೇ ಕಂಪನಿಯ ಖಾತೆಯಲ್ಲಿವೆ. ಅದು ಒಂದು ದಿನ ಮುಚ್ಚಿಹೋದರೆ ಯಾರನ್ನು ಕೇಳುವುದು ಎಂಬ ಅವರ ಭಯ ನ್ಯಾಯವಾದದ್ದೇ. ಆದರೆ ಇಮೇಲ್‌ನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬಂದದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಂದು, ಬರೆದದ್ದನ್ನು ತಲುಪಿಸುವುದು ಇನ್ನೊಂದು. ಮೊದಲನೆಯದು ಮನೆಯಲ್ಲಿ ಸಲೀಸು. ಎರಡನೆಯದಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ.

ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವುದು 25ನೇ ಪೋರ್ಟ್‌ನಲ್ಲಿ; ಪೋರ್ಟ್ ಎಂದರೆ ಸಂಪರ್ಕಕ್ಕೆಂದು ಸಂಖ್ಯೆ ಕೊಟ್ಟ ಬಾಗಿಲು. 1982ರಲ್ಲಿ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಬರೆದಾಗ ಕಳಿಸುವವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಸ್ಪ್ಯಾಮ್ ಹೆಚ್ಚಾದ ಮೇಲೆ ಮನೆ ಸಂಪರ್ಕಗಳ ಮೇಲೆಲ್ಲ ಅನುಮಾನ ಬಿತ್ತು. ಇಂದು ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ಮನೆಯಿಂದ ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿಟ್ಟಿವೆ. ಸ್ಪ್ಯಾಮ್ ತಡೆಯಲು ನೆರವಾಗುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಮನೆ ಬಳಕೆಯ ಐಪಿ ವಿಳಾಸಗಳು ರಾಶಿರಾಶಿಯಾಗಿ ಸೇರಿವೆ; ನೀವು ತಪ್ಪು ಮಾಡಿದ್ದೀರೆಂದಲ್ಲ, ಅಲ್ಲಿಂದ ನೇರವಾಗಿ ಮೇಲ್ ಬರಬಾರದು ಎಂಬ ನಿಯಮದಿಂದ. ನಮ್ಮಲ್ಲಿ ಇನ್ನೊಂದು ತೊಡಕಿದೆ. ರೂಟರ್‌ನ ವ್ಯಾನ್ ವಿಳಾಸ, ಅಂದರೆ ಹೊರಗಿನ ಇಂಟರ್ನೆಟ್ ಕಡೆಯ ಐಪಿ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಹೊರಗಿನ ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ. ಹೊರಗಿನವರು ನಿಮ್ಮ ಸರ್ವರ್‌ನ ಬಾಗಿಲು ತಟ್ಟಲೂ ಆಗದು.

ಹಾಗಾದರೆ ಮಾಡುವುದೇನು? ಮೊದಲು ಸ್ವಂತ ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ಕೊಳ್ಳಿ. ಆ ಡೊಮೇನ್‌ಗೆ ಒಂದು ಚಿಕ್ಕ ಮೇಲ್ ಹೋಸ್ಟಿಂಗ್, ಅಂದರೆ ನಿಮ್ಮ ಪರವಾಗಿ ಮೇಲ್ ಪಡೆದು ಕಳಿಸುವ ಸೇವೆ, ಪಡೆಯಿರಿ. ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಅತ್ತ ತೋರಿಸಲಿ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ. ಬ್ಯಾಟರಿ ಇನ್ನೂ ಸ್ವಲ್ಪ ನಿಲ್ಲುವಂತಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಎಂಬಿಸಿಂಕ್ ಎಂಬ ಪುಟ್ಟ ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಹೋಸ್ಟಿಂಗ್‌ನಿಂದ ಹೊಸ ಮೇಲ್ ಎಳೆದು ತರಲಿ, ಡವ್‌ಕಾಟ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಅದನ್ನು ಐಮ್ಯಾಪ್ ಎಂಬ ಮೇಲ್ ಓದುವ ವಿಧಾನದ ಮೂಲಕ ಫೋನಿಗೂ ಕಂಪ್ಯೂಟರಿಗೂ ಬಡಿಸಲಿ. ಮನೆಯ ಇಂಟರ್ನೆಟ್ ಎರಡು ದಿನ ಇಲ್ಲದಿದ್ದರೂ ಪತ್ರ ಹೋಸ್ಟಿಂಗ್‌ನಲ್ಲಿ ಕಾದಿರುತ್ತದೆ. ಕಳಿಸುವಾಗ ಮೇಲ್ 587 ಅಥವಾ 465ನೇ ಪೋರ್ಟ್‌ನಲ್ಲಿ, ಪಾಸ್‌ವರ್ಡ್ ಕೊಟ್ಟು, ಅದೇ ಹೋಸ್ಟಿಂಗ್ ಮೂಲಕ ಹೊರಡಲಿ.

ಎಂಬಿಸಿಂಕ್‌ನಲ್ಲಿ ಒಂದು ಸೆಟ್ಟಿಂಗ್ ಮಾತ್ರ ಎರಡು ಸಲ ಓದಿ. ಹೊಸದನ್ನು ತರಬೇಕು, ಅಳಿಸಿದ್ದನ್ನು ಇಲ್ಲಿಯೂ ಅಳಿಸಬಾರದು. ಎರಡೂ ಕಡೆ ಒಂದೇ ಥರ ಇರಲಿ ಎಂದು ಕೊಟ್ಟಿರೋ, ಅಲ್ಲಿ ಖಾತೆ ಖಾಲಿಯಾದ ದಿನ ಮನೆಯ ಪ್ರತಿಯೂ ಖಾಲಿಯಾಗಬಹುದು. ಆಮೇಲೆ ಈ ಶ್ರಮಕ್ಕೆಲ್ಲ ಅರ್ಥವೇ ಇರುವುದಿಲ್ಲ. ಮೇಲ್‌ಡಿರ್ ಪದ್ಧತಿಯನ್ನೇ ಆರಿಸಿಕೊಳ್ಳಿ. ಅದರಲ್ಲಿ ಒಂದೊಂದು ಪತ್ರವೂ ಒಂದೊಂದು ಕಡತ. ಡವ್‌ಕಾಟ್ ಇಲ್ಲದ ಕಾಲದಲ್ಲೂ ತೆರೆದು ಓದಬಹುದು. ಮನೆಯಲ್ಲಿ ಇಡುವುದರ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿ.

ಇನ್ನು ಡಿಎನ್‌ಎಸ್ ದಾಖಲೆಗಳು, ಅಂದರೆ ಡೊಮೇನ್ ಬಗ್ಗೆ ಎಲ್ಲರೂ ಓದಬಹುದಾದ ಸಾರ್ವಜನಿಕ ನಮೂದುಗಳು. ಈ ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಕಳಿಸಬಹುದು ಎನ್ನುತ್ತದೆ ಎಸ್‌ಪಿಎಫ್. ಪತ್ರಕ್ಕೆ ಗೂಢಲಿಪಿಯ ಸಹಿ ಹಾಕುತ್ತದೆ ಡಿಕಿಮ್. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ಹೇಳುತ್ತದೆ ಡಿಮಾರ್ಕ್. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ಎರಡನ್ನೂ ಹಾಕಿ. ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆ ಎಂದು ದೂರುವವರ ಡೊಮೇನ್ ತೆರೆದರೆ ನಾನು ಮೊದಲು ಹುಡುಕುವುದು ಎರಡು ಎಸ್‌ಪಿಎಫ್ ದಾಖಲೆಗಳನ್ನು. ಹೊಸ ಸೇವೆ ಸೇರಿಸುವಾಗ ಹಳೆಯದನ್ನು ತಿದ್ದದೆ ಪಕ್ಕದಲ್ಲಿ ಇನ್ನೊಂದು ಬರೆದಿರುತ್ತಾರೆ. ಎರಡಿದ್ದರೆ ಎಸ್‌ಪಿಎಫ್ ಪರೀಕ್ಷೆಯೇ ವಿಫಲ. ಒಂದೇ ಸಾಲಿನಲ್ಲಿ ಎಲ್ಲವನ್ನೂ ಸೇರಿಸಬೇಕು.

ಹೊರಗಿರುವಾಗ ಮೇಲ್ ನೋಡಲು ಐಮ್ಯಾಪ್‌ನ 993ನೇ ಪೋರ್ಟನ್ನು ಜಗತ್ತಿಗೆ ತೆರೆದಿಡಬೇಡಿ. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಸಿಜಿನ್ಯಾಟ್ ಹಿಂದೆಯೂ ಕೆಲಸ ಮಾಡುತ್ತದೆ. ರೆಸ್ಟಿಕ್ ಎಂಬ ಪ್ರೋಗ್ರಾಂನಿಂದ ರಾತ್ರಿಗೊಂದು ಬ್ಯಾಕಪ್ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಲಿ, ಆಗಾಗ ಅದರಿಂದ ಒಂದು ಪತ್ರವನ್ನಾದರೂ ಮರಳಿ ತೆಗೆದು ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಅತಿ ಹೆಚ್ಚು ಆತಂಕ ಡೊಮೇನ್ ನವೀಕರಣದ್ದು. ಅವಧಿ ಮುಗಿದು ಕೈಬಿಟ್ಟ ಡೊಮೇನನ್ನು ಬೇರೆ ಯಾರಾದರೂ ಕೊಳ್ಳಬಹುದು. ಆಮೇಲೆ ನಿಮ್ಮ ಹೆಸರಿಗೆ ಬರುವ ಮೇಲ್, ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳು ಸಹಿತ, ಅವರ ಪಾಲಾಗುತ್ತವೆ. ಸಾಧ್ಯವಾದಷ್ಟು ವರ್ಷಗಳಿಗೆ ಒಟ್ಟಿಗೇ ಹಣ ಕಟ್ಟಿ. ಡೊಮೇನ್ ಮಾರುವ ರಿಜಿಸ್ಟ್ರಾರ್ ಬಳಿ ಕೊಡುವ ಸಂಪರ್ಕದ ಇಮೇಲ್ ಮಾತ್ರ ಅದೇ ಡೊಮೇನಿನದ್ದಾಗಿರಬಾರದು, ಮತ್ತು ಆ ಖಾತೆಯ ವಿವರ ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಬೇಕು.