ಮೊಗ್ಗಿನ ಗಾತ್ರದಿಂದ ಕೋಶಚಕ್ರವನ್ನು ಓದಿದ ಬಗೆ

ಕೋಶವೊಂದು ಬೆಳೆದು ಎರಡಾಗುವ ಕ್ರಮವೇ ಕೋಶಚಕ್ರ. ಜಿ1 (ಬೆಳವಣಿಗೆ), ಎಸ್ (ಡಿಎನ್‌ಎ ನಕಲು), ಜಿ2 (ವಿಭಜನೆಗೆ ಸಿದ್ಧತೆ), ಎಂ (ವಿಭಜನೆ) ಎಂದು ಅದರ ಹಂತಗಳನ್ನು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಈ ಹಂತಗಳನ್ನು ನಡೆಸುವ ವಂಶವಾಹಿಗಳು ಪತ್ತೆಯಾದ ರೀತಿಯನ್ನು ಅರಿಯಲು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಅವರ ವಿದ್ಯಾರ್ಥಿಗಳು ಬ್ರೆಡ್ಡಿನ ಯೀಸ್ಟ್ ಮೇಲೆ ನಡೆಸಿ 1970ರಿಂದ ಪ್ರಕಟಿಸುತ್ತ ಬಂದ ಕೆಲಸವನ್ನು ನಿಧಾನವಾಗಿ ಓದಬೇಕು.

ಮೊದಲ ತೊಡಕು ಇದು: ವಿಭಜನೆಗೆ ಅನಿವಾರ್ಯವಾದ ವಂಶವಾಹಿ ಕೆಟ್ಟರೆ ಕೋಶ ಬೆಳೆಯುವುದೇ ಇಲ್ಲ, ಬೆಳೆಯದ ಕೋಶವನ್ನು ಅಭ್ಯಸಿಸುವುದಾದರೂ ಹೇಗೆ? ಅದಕ್ಕಾಗಿ ಅವರು ತಾಪಸಂವೇದಿ ಉತ್ಪರಿವರ್ತಿತಗಳನ್ನು, ಅಂದರೆ ವಂಶವಾಹಿಯ ದೋಷ ಬಿಸಿಯಲ್ಲಷ್ಟೇ ಹೊರಬೀಳುವ ತಳಿಗಳನ್ನು, ಆರಿಸಿಕೊಂಡರು. ಇವುಗಳಲ್ಲಿ ದೋಷವುಳ್ಳ ಪ್ರೋಟೀನು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ, 36 ಡಿಗ್ರಿಯಲ್ಲಿ ಕೈಕೊಡುತ್ತದೆ. ಹಾಗಾಗಿ ತಂಪಿನಲ್ಲಿ ತಳಿಯನ್ನು ಬೆಳೆಸಿಟ್ಟುಕೊಂಡು, ಬೇಕೆಂದಾಗ ಬಿಸಿಗೆ ಒಯ್ದು ಅದರ ಕೊರತೆಯನ್ನು ನೋಡಬಹುದು.

ಇಲ್ಲಿ ನಮ್ಮಲ್ಲಿ ಅನೇಕರು ಎಡವುತ್ತೇವೆ. ಬಿಸಿಯಲ್ಲಿ ವಿಭಜನೆ ನಿಂತ ಮಾತ್ರಕ್ಕೆ ಕೆಟ್ಟಿರುವುದು ಕೋಶಚಕ್ರದ ವಂಶವಾಹಿಯೇ ಎನ್ನಲಾಗದು; ಪ್ರೋಟೀನು ತಯಾರಿಕೆ ನಿಂತರೂ ವಿಭಜನೆ ನಿಲ್ಲುತ್ತದೆ. ಎರಡನ್ನೂ ಬೇರ್ಪಡಿಸಿ ತೋರಿದ್ದು ಮೊಗ್ಗು. ಈ ಯೀಸ್ಟ್ ತಾಯಿಕೋಶದ ಮೈಮೇಲೆ ಮೊಗ್ಗು ಬಿಟ್ಟು ಇಬ್ಭಾಗವಾಗುತ್ತದೆ. ಡಿಎನ್‌ಎ ನಕಲು ಶುರುವಾಗುವ ಹೊತ್ತಿಗೆ ಸಾಸಿವೆಯಷ್ಟು ಸಣ್ಣದಾಗಿ ಕಾಣಿಸಿಕೊಳ್ಳುವ ಮೊಗ್ಗು, ವಿಭಜನೆಯ ವೇಳೆಗೆ ಹೆಚ್ಚುಕಡಿಮೆ ತಾಯಿಯಷ್ಟೇ ಆಗಿರುತ್ತದೆ. ಅಂದರೆ ಸೂಕ್ಷ್ಮದರ್ಶಕದಲ್ಲಿ ಮೊಗ್ಗಿನ ಗಾತ್ರ ನೋಡಿದರೆ ಕೋಶ ಯಾವ ಹಂತದಲ್ಲಿದೆಯೆಂದು ತಿಳಿಯುತ್ತದೆ. ಬಿಸಿಗೆ ಒಯ್ದ ಕ್ಷಣದಲ್ಲೊಮ್ಮೆ, ಕೆಲವು ಗಂಟೆಗಳ ಬಳಿಕ ಇನ್ನೊಮ್ಮೆ ಅದೇ ಕೋಶಗಳ ಚಿತ್ರ ತೆಗೆದಾಗ, ಪ್ರೋಟೀನು ತಯಾರಿಕೆಯಂಥ ಬೇರೆ ಕೆಲಸ ಕೆಟ್ಟ ಉತ್ಪರಿವರ್ತಿತಗಳು ಇದ್ದಲ್ಲೇ ನಿಂತು ಬಗೆಬಗೆಯ ಗಾತ್ರದ ಮೊಗ್ಗುಗಳನ್ನು ತೋರಿಸುತ್ತವೆ. ಕೋಶಚಕ್ರದ ಉತ್ಪರಿವರ್ತಿತಗಳಾದರೋ ಎಲ್ಲಿಂದ ಹೊರಟಿದ್ದರೂ ಮುಂದೆ ಸಾಗಿ, ಕೊನೆಗೆ ಎಲ್ಲವೂ ಒಂದೇ ಆಕಾರದಲ್ಲಿ ಬಂದು ನಿಲ್ಲುತ್ತವೆ. 1973ರ ಹೊತ್ತಿಗೆ ಇಂಥ 32 ವಂಶವಾಹಿಗಳು ಗುರುತಾಗಿದ್ದವು. ಅವುಗಳಲ್ಲಿ ಸಿಡಿಸಿ28 ಚಕ್ರದ ಆರಂಭಕ್ಕೇ ಬೇಕಾದದ್ದು.

ನನಗೆ ಇದಕ್ಕಿಂತಲೂ ಸುಂದರವೆನಿಸುವುದು 1988ರಲ್ಲಿ ಟೆಡ್ ವೈನರ್ಟ್ ಮತ್ತು ಹಾರ್ಟ್‌ವೆಲ್ ಪ್ರಕಟಿಸಿದ ಪ್ರಯೋಗ. ಕ್ಷ-ಕಿರಣದಿಂದ ಡಿಎನ್‌ಎ ಮುರಿದರೆ ಆರೋಗ್ಯವಂತ ಯೀಸ್ಟ್ ದೊಡ್ಡ ಮೊಗ್ಗಿನ ಹಂತದಲ್ಲಿ ತಡೆದು ನಿಂತು, ದುರಸ್ತಿ ಮುಗಿಸಿಕೊಂಡು ಮುಂದುವರಿಯುತ್ತದೆ. ರಾಡ್9 ಎಂಬ ವಂಶವಾಹಿ ಕೆಟ್ಟ ಕೋಶಗಳು ನಿಲ್ಲದೆ ವಿಭಜಿಸಿ ಸಾಯುತ್ತವೆ. ಅವು ಸಾಯುವುದು ದುರಸ್ತಿ ಬಾರದ್ದಕ್ಕೋ, ಕಾಯದೆ ಹೋದದ್ದಕ್ಕೋ? ಕಿರಣ ತಾಗಿದ ರಾಡ್9 ಕೋಶಗಳನ್ನು, ವಿಭಜನೆಯಲ್ಲಿ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಿಕೆಗಳನ್ನು ಕೆಡಿಸುವ ಔಷಧದಿಂದ ಕೆಲವು ಗಂಟೆ ಬಲವಂತವಾಗಿ ತಡೆಹಿಡಿದಾಗ, ಬದುಕುಳಿದವುಗಳ ಪ್ರಮಾಣ ಬಹಳವಾಗಿ ಏರಿತು. ದುರಸ್ತಿಯ ಸಾಮರ್ಥ್ಯ ಅವುಗಳಲ್ಲಿ ಇದ್ದೇ ಇತ್ತು; ಇಲ್ಲದಿದ್ದದ್ದು ಕಾಯಬೇಕೆಂಬ ಆಜ್ಞೆ. ಪಠ್ಯಗಳಲ್ಲಿ ನಾವು ಇಂದು ಓದುವ ‘ಚೆಕ್‌ಪಾಯಿಂಟ್’ (ಒಂದು ಹಂತ ಸರಿಯಾಗಿ ಮುಗಿಯುವ ತನಕ ಮುಂದಿನದನ್ನು ತಡೆಯುವ ವ್ಯವಸ್ಥೆ) ಎಂಬ ಪರಿಕಲ್ಪನೆಯನ್ನು ಇವರಿಬ್ಬರೂ ಮರುವರ್ಷ ವಿವರವಾಗಿ ಮಂಡಿಸಿದರು.